ಐದನೆಯ ತೋಕ್ ಪೂ

ಸೆಪ್ಟೆಂಬರ್ ಎರಡು, ಸಂಜೆ. ನಾಳೆ ಕೈಲ್‌ಪೊಳ್ದ್.
ಪೊನ್ನಂಪೇಟೆಯ ಮನೆಯ ಜಗಲಿಯಲ್ಲಿ
ಮೈದುನ ಉತ್ತಯ್ಯ ಕೋವಿ ಬಿಚ್ಚಿ ಕೂತಿದ್ದಾನೆ.
ನಳಿಗೆಗೆ ಎಣ್ಣೆಬಟ್ಟೆ ತೂರಿಸಿ
ಒಂದು ಕಣ್ಣು ಮುಚ್ಚಿ ಬೆಳಕು ನೋಡುತ್ತಾನೆ.

ಒಳಗೆ ನಾನು ಸಿಪಿಯು ಬಿಚ್ಚಿದ್ದೇನೆ.
ಹಳೇ ಪೇಂಟ್ ಬ್ರಷ್ಷಿನಲ್ಲಿ ಫ್ಯಾನಿನ ರೆಕ್ಕೆ ತಿಕ್ಕಿದರೆ
ಧೂಳು, ಒಂದು ಸತ್ತ ತುಡುವೆ ಜೇನು,
ಕಾಫಿ ಹೂವಿನದೋ ಏನೋ, ಒಣಗಿದ ಎಸಳು.

"ಅದಕ್ಕೂ ಎಣ್ಣೆ ಹಾಕ್ತೀಯಾ ಅತ್ತಿಗೆ?"
ನಗಲಿ. ಮಾರ್ಚಿನಲ್ಲಿ ನಕ್ಕಿರಲಿಲ್ಲ.

ಮಾರ್ಚಿನಲ್ಲಿ ಪರದೆ ಇದ್ದಕ್ಕಿದ್ದಂತೆ ಕೆಂಪಾಗಿ
ಕೂಗುಮಾರಿಯ ಹಾಗೆ ಕಿರುಚಿತ್ತು:
ಇನ್ನೂರ ನಲವತ್ತಮೂರು ವೈರಸ್!
ಕೂಡಲೇ ಈ ನಂಬರಿಗೆ ಫೋನ್ ಮಾಡಿ!
ಮಾಡಿದ. ತೋಟದಿಂದ ಆನೆ ಅಟ್ಟುವ ಗಂಡಸು,
ಆಚೆಯವನ ಸವಿಮಾತಿಗೆ ಸೋತು
ಕಾರ್ಡಿನ ಹದಿನಾರು ಅಂಕಿಯಲ್ಲಿ ಹನ್ನೆರಡು
ಓದಿ ಮುಗಿಸಿದ್ದ,
ನಾನು ಬಂದು ಫೋನ್ ಕಸಿದು
ಗೋಡೆಯಿಂದ ತಂತಿ ಕಿತ್ತಾಗ.

ಮಾರನೇ ದಿನ ಗೋಣಿಕೊಪ್ಪದಿಂದ ಸುಹರಾ ಬಂದಳು.
ಸ್ಕೂಟರಿನ ಸೀಟಿನಡಿ ಸ್ಕ್ರೂಡ್ರೈವರ್, ಪೆನ್‌ಡ್ರೈವ್,
ಮಗಳು ಮರೆತು ಹೋದ ಟಿಫಿನ್ ಡಬ್ಬಿ.
ಕಾಫಿ ಬೇಡ, ಉಪವಾಸ ಅಂದಳು.
"ಕಾವಲಿಗೆ ಎಷ್ಟು ಜನ ಇಟ್ಟಿದ್ದೀರ ಆಂಟಿ?"
ಮೂರು. ಯಾರೋ ಹೇಳಿ ಹಾಕಿಸಿದ್ದು ಒಂದು,
ಬಿಟ್ಟಿ ಸಿಕ್ಕಿದ್ದು ಒಂದು,
ಕರೆಯದೇ ಬಂದು ಕೂತದ್ದನ್ನು ನಾನು ಅವತ್ತೇ ಕಂಡೆ.
ಒಂದೇ ಗೇಟಿಗೆ ಮೂರು ನಾಯಿ ಕಟ್ಟಿದರೆ
ಒಂದನ್ನೊಂದು ಕಚ್ಚುತ್ತವೆ,
ಕಳ್ಳ ನಡುವೆ ನಡೆದು ಹೋಗುತ್ತಾನೆ.
ಮೂರನ್ನೂ ಬಿಚ್ಚಿ ಕಳಿಸಿದಳು.
ಯಂತ್ರದ ಜೊತೆಗೇ ಹುಟ್ಟಿದ್ದೊಂದು ಮೂಲೆಯಲ್ಲಿ ಮಲಗಿತ್ತು,
ಅದನ್ನು ಎಬ್ಬಿಸಿದಳು.
ಬೊಗಳುವುದಿಲ್ಲ. ಬೊಗಳದ್ದೇ ಒಳ್ಳೇದು.

ಆಮೇಲೆ ಕಳೆ.
ಬ್ರೌಸರಿನ ಹಣೆಗೆ ಮೆತ್ತಿಕೊಂಡ ಪಟ್ಟಿಗಳು,
ಯಾವತ್ತೋ ಇಳಿಸಿದ ಜಾತಕ, ಇಸ್ಪೀಟು,
ಹತ್ತು ಪಟ್ಟು ವೇಗ ಮಾಡುತ್ತೇನೆಂದು ಬಂದು
ತಾನೇ ಅರ್ಧ ಮೆಮೊರಿ ತಿಂದು ಬಿದ್ದುಕೊಂಡಿದ್ದ ಸೋಮಾರಿ.
ಕಾಫಿ ಗಿಡದ ಕಂಬಚಿಗುರು ತೆಗೆದ ಕೈ ನನ್ನದು,
ಇದು ಅರ್ಥವಾಯಿತು:
ಹಸಿರಾಗಿದೆಯೆಂದು ಉಳಿಸಿದರೆ ಫಸಲಿಲ್ಲ.

ಪಾಸ್‌ವರ್ಡು ಕೇಳಿ ಹಣೆ ಚಚ್ಚಿಕೊಂಡಳು.
ನಾಯಿಯ ಹೆಸರು, ಮುಂದೆ ಒಂದು ಎರಡು ಮೂರು.
ಆ ನಾಯಿಯನ್ನು ಬೀದಿಯೆಲ್ಲ ಹೆಸರಿಟ್ಟೇ ಕರೆಯುತ್ತದೆ!
ಈಗಿನದು ನಾಲ್ಕು ಪದ, ಒಂದಕ್ಕೊಂದು ನಂಟಿಲ್ಲ;
ಕೊನೆಯದು ಅಜ್ಜಿಯ ಬೈಗುಳ,
ಬದುಕಿರುವ ಯಾರ ಬಾಯಲ್ಲೂ ಈಗ ಇಲ್ಲ.
ಎಲ್ಲೂ ಬರೆದಿಟ್ಟಿಲ್ಲ.
ಬರೆಯಲು ನಾಚಿಕೆಯಾಗುವ ಮಾತು.

"ಇಷ್ಟಕ್ಕೂ ಇದರೊಳಗೆ ಏನಿದೆ?" ಉತ್ತಯ್ಯನ ಪ್ರಶ್ನೆ.
ಒಳ್ಳೆಮೆಣಸಿನ ತೂಕ ಇದೆ. ಕರೆಂಟ್ ಬಿಲ್ಲಿದೆ.
ಮತ್ತೆ ಹನ್ನೊಂದು ತಲೆಮಾರಿನ ಒಕ್ಕದ ಹೆಸರು,
ಒಂದೂವರೆ ವರ್ಷ ಎರಡೇ ಬೆರಳಲ್ಲಿ ಕುಟ್ಟಿದ್ದು,
ಹೆಣ್ಣುಮಕ್ಕಳದ್ದೂ ಸೇರಿಸಿ.
ಹಳೇ ಪುಸ್ತಕದಲ್ಲಿ ಅವರಿಲ್ಲ.
ಭಾನುವಾರಕ್ಕೊಮ್ಮೆ ಎಲ್ಲದರ ಪ್ರತಿ
ಅಂಗೈಯಷ್ಟು ಡಿಸ್ಕಿಗೆ ಇಳಿಸಿ,
ತಂತಿ ಬಿಚ್ಚಿ, ಬಟ್ಟೆ ಸುತ್ತಿ, ಅಕ್ಕಿ ಡಬ್ಬಿಯಲ್ಲಿ.
(ಸುಹರಾಳಿಗೆ ಅಕ್ಕಿಯ ವಿಷಯ ಹೇಳಿಲ್ಲ.)
ಇನ್ನೊಂದು ಪ್ರತಿ ವಿರಾಜಪೇಟೆಯಲ್ಲಿ, ತಂಗಿಯ ಬೀರುವಿನಲ್ಲಿ.

ಬೆಳಿಗ್ಗೆ ತೂಗುದೀಪದ ಕೆಳಗೆ
ಎರಡು ಕೋವಿ, ಒಡಿಕತ್ತಿ, ಪೀಚೆಕತ್ತಿ.
ನಾಲ್ಕು ತೋಕ್ ಪೂ ಎಣಿಸಿ ತಂದಿದ್ದ ಉತ್ತಯ್ಯ.
ಐದನೆಯದು ಬೇಲಿಯಿಂದ ನಾನೇ ಕಿತ್ತದ್ದು,
ಸಿಪಿಯುವಿನ ನೆತ್ತಿಗೆ, ಫ್ಯಾನಿಗೆ ಸಿಗದ ಹಾಗೆ.
ನೋಡಿದ. ಮಾತಾಡಲಿಲ್ಲ.
ಒಡಿಕತ್ತಿಯನ್ನು ಒಂದು ಗೇಣು ಸರಿಸಿ
ಜಾಗ ಮಾಡಿದ.

ರಾತ್ರಿ ಕಡಂಬುಟ್ಟು ಮುಗಿದು, ಬಾಟಲಿ ಮುಗಿದು,
ಎಲ್ಲರ ಗೊರಕೆ.
ಆರು ತಿಂಗಳಿಂದ "ಆಮೇಲೆ" ಒತ್ತಿ ದಬ್ಬಿದ ಅಪ್‌ಡೇಟಿಗೆ
ಇವತ್ತು ಹೂಂ ಅಂದಿದ್ದೇನೆ.
ನೀಲಿ ಪರದೆಯಲ್ಲಿ ಚುಕ್ಕೆಗಳ ಗಾಣ,
ಶೇಕಡಾ ಮೂವತ್ತೇಳು. ಆಫ್ ಮಾಡಬೇಡಿ.
ಕರೆಂಟ್ ಹೋಯಿತು. ಯುಪಿಎಸ್ಸು ಕೂಗಿತು. ಬಂತು.
ಮೂವತ್ತೆಂಟು.

ಶಾಲು ಹೊದ್ದು ಕುರ್ಚಿ ಎಳೆದುಕೊಂಡೆ.
ಕಾವಲಿನವನು ಬಟ್ಟೆ ಬದಲಿಸುತ್ತಿದ್ದಾನೆ.
ಅಲ್ಲಿಯವರೆಗೆ ನಾನು.